ಹಳೆಯ ಡಿಫೆಂಡರ್ ಕೈಗೆ ಕಮೆಂಟರಿ ಮೈಕ್: ಪರ–ವಿರೋಧ

ಫುಟ್ಬಾಲಿನಲ್ಲಿ ಡಿಫೆನ್ಸ್‌ನಲ್ಲಿ, ಅಂದರೆ ಎದುರಾಳಿಯ ಗೋಲು ತಡೆಯುವ ಜಾಗದಲ್ಲಿ ಆಡಿದವರು ನಿವೃತ್ತರಾದ ಮೇಲೆ ಕಮೆಂಟರಿಗೆ ಬರುವುದು ಈಗ ಮಾಮೂಲು. ಆಟ ನೋಡುವ ನಮಗೆ ಇದರಿಂದ ಲಾಭ ಇದೆಯೇ? ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಒಬ್ಬರು ಪರ, ಬದಿಯಡ್ಕದಿಂದ ಒಬ್ಬರು ವಿರೋಧ ಬರೆದಿದ್ದಾರೆ.

ಪರ: ಗೋಲು ಎಲ್ಲಿಂದ ಶುರುವಾಯಿತು ಅಂತ ಗೊತ್ತಿರುವುದು ಇವರಿಗೇ

ಈ ಪ್ರಶ್ನೆ ಕೇಳಿದ ಕೂಡಲೇ ಪರ ನಾನೇ ಬರೆಯುತ್ತೇನೆ ಅಂದೆ. ಫುಟ್ಬಾಲ್ ಕಮೆಂಟರಿಗೆ ಡಿಫೆಂಡರ್ ಆಗಿದ್ದವರಷ್ಟು ಲಾಯಕ್ಕಾದವರು ಬೇರೆ ಇಲ್ಲ. ಫಾರ್ವರ್ಡ್ ಆಡುವವನು ಎಷ್ಟೋ ಹೊತ್ತು ಎದುರಾಳಿ ಗೋಲಿಗೆ ಬೆನ್ನು ಹಾಕಿ ಬಾಲ್‌ಗೆ ಕಾಯುತ್ತಾನೆ. ಡಿಫೆನ್ಸ್‌ನ ಮಧ್ಯದಲ್ಲಿ ನಿಲ್ಲುವ ಸ್ಟಾಪರ್ ಬ್ಯಾಕ್‌ಗೆ ಇಡೀ ಆಟ ಕಣ್ಣೆದುರೇ ನಡೆಯುತ್ತದೆ. ಬಾಲ್ ಎಲ್ಲಿದೆ, ತನ್ನ ಪಕ್ಕದವನು ಎಷ್ಟು ದೂರ ಇದ್ದಾನೆ, ಎದುರಾಳಿ ದಾಟಿ ನಿಂತು ಬಾಲ್ ಪಡೆಯಬಾರದ ಆಫ್‌ಸೈಡ್ ಲೈನ್ ಸರಿಯಿದೆಯಾ, ಬೆನ್ನ ಹಿಂದೆ ಯಾರು ನುಗ್ಗುತ್ತಿದ್ದಾರೆ, ಎಲ್ಲವನ್ನೂ ಒಟ್ಟಿಗೆ ನೋಡುವುದೇ ಅವನ ಕೆಲಸ. ಜೊತೆಗೆ ಪಂದ್ಯ ಪೂರ್ತಿ ಬಾಯಿ ಬಿಟ್ಟು ಕೂಗುತ್ತಲೇ ಇರಬೇಕು. ಮುಂದೆ ಹೋಗು, ಬಿಡು, ಬೆನ್ನು ನೋಡು ಅಂತ. ಮೈಕ್ ಹಿಡಿಯುವ ಮೊದಲೇ ಅವನು ಕಮೆಂಟರಿ ಶುರು ಮಾಡಿರುತ್ತಾನೆ.

ಗ್ಯಾರಿ ನೆವಿಲ್ ಅವರ ಜೀವನ ನೋಡಿ. ಮ್ಯಾಂಚೆಸ್ಟರ್ ಯುನೈಟೆಡ್ ಒಂದೇ ಕ್ಲಬ್ಬಿಗೆ 602 ಪಂದ್ಯ ಆಡಿದರು. ಇಂಗ್ಲೆಂಡಿಗೆ 85. ಪ್ರೀಮಿಯರ್ ಲೀಗ್ ಎಂಟು ಸಲ ಗೆದ್ದರು. ಇಷ್ಟೆಲ್ಲ ಆಡಿ ಕ್ಲಬ್ಬಿಗೆ ಹೊಡೆದ ಗೋಲು 7, ದೇಶಕ್ಕೆ ಒಂದೂ ಇಲ್ಲ. ಡಿಫೆನ್ಸ್‌ನ ಬಲಬದಿಯ ರೈಟ್ ಬ್ಯಾಕ್ ಜಾಗದಲ್ಲಿ ನಿಂತು ಬೇರೆಯವರ ಗೋಲು ತಪ್ಪಿಸಿದ್ದೇ ಅವರ ದುಡಿಮೆ. 2011ರ ಹೊಸ ವರ್ಷದ ದಿನ ವೆಸ್ಟ್ ಬ್ರಾಮ್ ಎದುರು ಕೊನೆಯ ಲೀಗ್ ಪಂದ್ಯ ಆಡಿದರು. ಫೆಬ್ರವರಿಯಲ್ಲಿ ನಿವೃತ್ತಿ ಹೇಳಿದರು. ಅದೇ ವರ್ಷ ಟಿವಿ ಚಾನೆಲ್ ಸ್ಕೈ ಸ್ಪೋರ್ಟ್ಸ್‌ಗೆ ಬಂದರು.

ಬಂದು ಏನು ಮಾಡಿದರು? ಸೋಮವಾರ ರಾತ್ರಿಯ ಕಾರ್ಯಕ್ರಮದಲ್ಲಿ ಗೋಲು ತೋರಿಸುವಾಗ ಚಿತ್ರವನ್ನು ಗೋಲಿನ ಹತ್ತಿರ ನಿಲ್ಲಿಸುವುದಿಲ್ಲ. ಏಳೆಂಟು ಸೆಕೆಂಡು ಹಿಂದಕ್ಕೆ ಹೋಗಿ ನಿಲ್ಲಿಸುತ್ತಾರೆ. ಬಾಲ್ ಇನ್ನೂ ಮಧ್ಯದಲ್ಲೇ ಇರುತ್ತದೆ. ಅಲ್ಲಿ ಅಂಚಿನಲ್ಲಿ ಆಡುವ ಡಿಫೆಂಡರ್, ಅಂದರೆ ಫುಲ್ ಬ್ಯಾಕ್‌ನ ಪಾದ ಯಾವ ಕಡೆ ತಿರುಗಿದೆ ನೋಡಿ ಅನ್ನುತ್ತಾರೆ. ಅವನು ಬಾಲ್ ಕಡೆ ಪೂರ್ತಿ ತಿರುಗಿದ್ದಾನೆ, ಹಿಂದೆ ಬರುವವನು ಅವನಿಗೆ ಕಾಣುವುದಿಲ್ಲ, ಇನ್ನು ಎಷ್ಟು ಓಡಿದರೂ ಸಿಗುವುದಿಲ್ಲ. ಗೋಲು ಆಗುವುದು ಆಮೇಲೆ. ಇದನ್ನು ಒಂದು ಸಲ ನೋಡಿದವನಿಗೆ ಮುಂದಿನ ಪಂದ್ಯದಲ್ಲಿ ತಾನಾಗಿಯೇ ಕಣ್ಣು ಅಲ್ಲಿಗೆ ಹೋಗುತ್ತದೆ. ನನಗೂ ಆಟ ನೋಡುವ ರೀತಿಯೇ ಬದಲಾಯಿತು.

2013ರಲ್ಲಿ ಜೇಮಿ ಕ್ಯಾರಗರ್ ಜೊತೆಯಾದರು. ಲಿವರ್‌ಪೂಲ್‌ಗೆ 737 ಪಂದ್ಯ ಆಡಿದ ಡಿಫೆಂಡರ್. 2005ರ ಇಸ್ತಾಂಬುಲ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಎಸಿ ಮಿಲಾನ್ ಎದುರು 3–0 ಹಿಂದೆ ಬಿದ್ದ ತಂಡ 3–3 ಮಾಡಿತು. ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದಿತು. ಎಕ್ಸ್‌ಟ್ರಾ ಟೈಮಿನಲ್ಲಿ ಕಾಲು ಹಿಡಿದುಕೊಂಡು ನೋವಲ್ಲೇ ಬಾಲ್‌ಗೆ ಅಡ್ಡ ಬಿದ್ದವರು ಇವರು. 1999ರಲ್ಲಿ ಯುನೈಟೆಡ್ ಎದುರು ಒಂದೇ ಪಂದ್ಯದಲ್ಲಿ ಎರಡು ಸೆಲ್ಫ್ ಗೋಲ್ ಹೊಡೆದವರೂ ಇವರೇ. ಅದನ್ನು ಅನುಭವಿಸಿದ ಮನುಷ್ಯನಿಗೆ ತಪ್ಪು ಮಾಡಿದ ಇಪ್ಪತ್ತರ ಹುಡುಗನ ಬಗ್ಗೆ ಹೇಗೆ ಮಾತಾಡಬೇಕು ಅಂತ ಗೊತ್ತಿರುತ್ತದೆ. ಇದು ನನಗೆ ಎಲ್ಲದಕ್ಕಿಂತ ದೊಡ್ಡ ಕಾರಣ.

ನಮ್ಮ ಕಡೆ ಡಿಫೆಂಡರ್‌ಗೆ ಬೆಲೆ ಕಡಿಮೆ. 2022ರ ವಿಶ್ವಕಪ್ ಸಮಯದಲ್ಲಿ ಕೋಝಿಕ್ಕೋಡಿನ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಕಟೌಟ್ ಎದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಮೂವರೂ ಗೋಲು ಹೊಡೆಯುವವರು. ಉಪ್ಪಳ, ಕುಂಬಳೆ ಪೇಟೆಯಲ್ಲೂ ಅದೇ ಮುಖಗಳು. ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಕಣ್ಣೂರಿನ ವಿ.ಪಿ. ಸತ್ಯನ್ ಡಿಫೆಂಡರ್. 1992ರಲ್ಲಿ ಕೇರಳಕ್ಕೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದುಕೊಟ್ಟವರು. 2006ರಲ್ಲಿ ತೀರಿಕೊಂಡರು. ಪಕ್ಕದ ಜಿಲ್ಲೆಯವರೇ ಆದರೂ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಅವರ ಆಟ ಗೊತ್ತು? ಆ ಆಟವನ್ನು ಬಿಡಿಸಿ ಹೇಳುವವರು ಬೇಕಿತ್ತು.

ನಾನು ಊರ ಕ್ಲಬ್ಬಿನಲ್ಲಿ ಬ್ಯಾಕ್ ಆಡುತ್ತಿದ್ದವನು. ಗದ್ದೆ ಕೊಯ್ಲಾದ ಮೇಲೆ ನಮ್ಮಲ್ಲಿ ತಂಡಕ್ಕೆ ಏಳು ಜನ ಆಡುವ ಸೆವೆನ್ಸ್ ಶುರು. ರಾತ್ರಿ ಲೈಟ್ ಹಾಕಿ, ಅಡಿಕೆ ಮರದ ಸಲಾಕೆಯಲ್ಲಿ ಗ್ಯಾಲರಿ ಕಟ್ಟಿ ಆಡಿಸುವ ಪಂದ್ಯ. ಒಂದು ವರ್ಷ ಸೆಮಿಫೈನಲ್‌ನಲ್ಲಿ ನಮಗೆ ಕೀಪರ್ ಆಗಿದ್ದವನು ಪ್ಲಸ್ ಟೂ ಓದುವ ಹುಡುಗ. ಕೊನೆಯ ನಿಮಿಷದಲ್ಲಿ ಬಾಲ್ ಅವನ ಕೈಗೆ ತಾಗಿ ಒಳಗೆ ಹೋಯಿತು. ಮೈಕ್ ಹಿಡಿದವರು 'ಕೀಪರ್ ಮಿಸ್ಟೇಕ್' ಅಂತ ಮತ್ತೆ ಮತ್ತೆ ಹೇಳಿದರು. ಗ್ಯಾಲರಿಯಿಂದ ಕೂಗು ಬಿತ್ತು. ಹುಡುಗ ಅವತ್ತು ಗ್ಲೋವ್ಸ್ ಬಿಚ್ಚಿಟ್ಟು ಹೋದವನು ಪ್ರಾಕ್ಟೀಸಿಗೇ ಬರಲಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಒಬ್ಬರು ಹಿರಿಯರು ಇದ್ದರು. ಎಲ್ಲರೂ ಇಚ್ಚ ಅಂತಲೇ ಕರೆಯುವುದು. ಹಿಂದೆ ಸ್ಟಾಪರ್ ಆಡಿದವರು. ಒಂದು ಸಂಜೆ ನನ್ನನ್ನೂ ಕರೆದುಕೊಂಡು ಆ ಹುಡುಗನ ಮನೆಗೆ ಹೋದರು. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರು. ಇಚ್ಚ ಕುಕ್ಕುರುಗಾಲಲ್ಲಿ ಕೂತು ಒಂದಷ್ಟು ಅಡಿಕೆ ಹೆಕ್ಕಿ ಸಾಲಾಗಿ ಇಟ್ಟರು. "ಇದು ನೀನು. ಇದು ರೈಟ್ ಬ್ಯಾಕ್. ತ್ರೋಗೆ ಅಂತ ಮೇಲೆ ಹೋದವನು ವಾಪಸ್ ಬಂದನಾ? ಇಲ್ಲ. ಆ ಜಾಗ ಮುಚ್ಚಲು ಸ್ಟಾಪರ್ ಈಚೆ ಬಂದ. ಮಧ್ಯೆ ಖಾಲಿ. ಆ ಬಾಲ್ ಯಾವ ಕೀಪರ್ ಹಿಡಿಯುತ್ತಾನೆ ಮೋನೇ?" ಅಂದರು. ಹುಡುಗ ಮಾತಾಡಲಿಲ್ಲ. ಒಂದು ಅಡಿಕೆ ತಾನೇ ತೆಗೆದು ಸ್ವಲ್ಪ ಪಕ್ಕಕ್ಕೆ ಇಟ್ಟು, "ನಾನು ಇಲ್ಲಿ ಇದ್ದೆ" ಅಂದ. ಆಮೇಲೆ ಇಬ್ಬರೂ ಕತ್ತಲಾಗುವ ತನಕ ಅಡಿಕೆ ಸರಿಸುತ್ತಾ ಕೂತರು. ಮುಂದಿನ ವಾರ ಹುಡುಗ ಪ್ರಾಕ್ಟೀಸಿಗೆ ಬಂದ.

ಅವತ್ತು ರಾತ್ರಿ ಮೈಕ್ ಇಚ್ಚನ ಕೈಯಲ್ಲಿ ಇದ್ದಿದ್ದರೆ ಆ ಹುಡುಗ ಅಷ್ಟು ದಿನ ಮನೆಯೊಳಗೆ ಕೂರಬೇಕಾಗಿರಲಿಲ್ಲ.

ವಿರೋಧಿಸುವವರು ಒಂದು ಮಾತು ಎತ್ತುತ್ತಾರೆ. ನೆವಿಲ್ 2015ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾ ಕೋಚ್ ಆದರು, ಬಾರ್ಸಿಲೋನಾ ಎದುರು 7–0 ಸೋತರು, ಮಾರ್ಚ್ ಮುಗಿಯುವ ಮೊದಲೇ ಕೆಲಸ ಹೋಯಿತು, ಇಷ್ಟೆಲ್ಲ ಗೊತ್ತಿದ್ದವರು ಗೆಲ್ಲಲಿಲ್ಲ ಯಾಕೆ ಅಂತ. ಅದು ಕೋಚ್ ಕೆಲಸ, ಇದು ಕಮೆಂಟರಿ. ಸುಮ್ನೆ ಎರಡನ್ನೂ ಬೆರೆಸುವುದು ಯಾಕೆ? ಇವರಿಗೆ ಬೇಕಾಗಿರುವುದು ಗೋಲು ಬಿದ್ದಾಗ ಅರ್ಧ ನಿಮಿಷ ಕಿರುಚುವವರು. ಗೋಲು ಬಿದ್ದಿದ್ದು ನಮಗೂ ಕಾಣುತ್ತದೆ. ಯಾಕೆ ಬಿತ್ತು ಅಂತ ಹೇಳಿ.

ಕಾಸರಗೋಡಿನಲ್ಲಿ ಸೆವೆನ್ಸ್ ನಡೆಸುವ ಕ್ಲಬ್ಬುಗಳಿಗೆ ನನ್ನ ಕೋರಿಕೆ ಇಷ್ಟೇ. ಈ ವರ್ಷ ಮೈಕ್ ಪಕ್ಕದಲ್ಲಿ ಒಬ್ಬ ಹಳೆಯ ಬ್ಯಾಕ್‌ಗೆ ಕುರ್ಚಿ ಹಾಕಿ.

ವಿರೋಧ: ಕಮೆಂಟರಿ ಮಾತಿನ ಕೆಲಸ

ನನಗೆ ವಿರೋಧ ಬರೆಯಿರಿ ಅಂದರು. ಸ್ಟುಡಿಯೋದಲ್ಲಿ ಕೂತು ಆಟ ಬಿಡಿಸಿ ಹೇಳುವುದರಲ್ಲಿ ನೆವಿಲ್, ಕ್ಯಾರಗರ್ ಜಾಣರು ಅನ್ನುವುದನ್ನು ನಾನು ಒಪ್ಪುತ್ತೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೇಳಿದ ಪ್ರಶ್ನೆ ಕಮೆಂಟರಿಯದ್ದು. ಕಮೆಂಟರಿ ಅಂದರೆ ನಡೆಯುತ್ತಿರುವ ಆಟವನ್ನು ಆ ಕ್ಷಣಕ್ಕೆ ಮಾತಿನಲ್ಲಿ ಹಿಡಿಯುವುದು. ಅದು ಬೇರೆಯೇ ವಿದ್ಯೆ.

2012ರ ಏಪ್ರಿಲ್ 24. ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಬಾರ್ಸಿಲೋನಾ ಮೈದಾನದಲ್ಲಿ ಚೆಲ್ಸಿ. ಚೆಲ್ಸಿ ಕ್ಯಾಪ್ಟನ್ ಜಾನ್ ಟೆರ್ರಿಗೆ ರೆಡ್ ಕಾರ್ಡ್ ಬಿದ್ದಿದೆ. ಹತ್ತೇ ಜನ ಆಡುತ್ತಿದ್ದಾರೆ. ಮೆಸ್ಸಿಯ ಪೆನಾಲ್ಟಿ ಬಾರ್‌ಗೆ ಹೊಡೆದು ವಾಪಸ್ ಬಂದಿದೆ. ಆಟ ಮುಗಿಯುವ ಹೊತ್ತಿಗೆ ಚೆಲ್ಸಿಯ ಟೊರೆಸ್ ಒಬ್ಬರೇ ಬಾಲ್ ಹಿಡಿದು ಅರ್ಧ ಮೈದಾನ ಓಡಿ ಗೋಲು ಹೊಡೆದರು. ಆಗ ನೆವಿಲ್ ಬಾಯಿಂದ ಬಂದದ್ದು ಉದ್ದನೆಯ ಒಂದು ಕೂಗು, ಅಷ್ಟೇ. ಅವರ ಕಮೆಂಟರಿಯಲ್ಲಿ ಇವತ್ತಿಗೂ ಜನ ಜಾಸ್ತಿ ನೆನೆಯುವುದು ಅದನ್ನೇ.

ಅದೇ ಚಾಂಪಿಯನ್ಸ್ ಲೀಗ್‌ನ ಇನ್ನೊಂದು ರಾತ್ರಿ, 2018ರ ಏಪ್ರಿಲ್ 10. ಮೊದಲ ಪಂದ್ಯ 4–1 ಸೋತಿದ್ದ ರೋಮಾ ತನ್ನ ಊರಿನಲ್ಲಿ ಬಾರ್ಸಿಲೋನಾವನ್ನು 3–0 ಸೋಲಿಸಿ ಹೊರಗೆ ಕಳಿಸಿತು. ಮೂರನೇ ಗೋಲು ತಲೆಯಿಂದ ಹೊಡೆದದ್ದು ಗ್ರೀಸಿನ ಡಿಫೆಂಡರ್ ಮನೋಲಾಸ್. ಇಂಗ್ಲಿಷ್ ಕಮೆಂಟೇಟರ್ ಪೀಟರ್ ಡ್ರೂರಿ ಆ ಕ್ಷಣದಲ್ಲಿ ಹಾಳುಬಿದ್ದ ರೋಮ್ ಎದ್ದು ನಿಂತದ್ದನ್ನೂ, ಆ ಊರಿಗೆ ಗ್ರೀಕ್ ದೇವರು ಬಂದದ್ದನ್ನೂ ಎರಡು ಸಾಲಿನಲ್ಲಿ ಹೇಳಿಬಿಟ್ಟರು. ಡ್ರೂರಿ ವೃತ್ತಿಪರ ಆಟಗಾರ ಅಲ್ಲ. ಕೇರಳದ ಮನೆಮನೆಗೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ತಲುಪಿಸಿದ ಮಲಯಾಳಂ ಕಮೆಂಟೇಟರ್ ಶೈಜು ದಾಮೋದರನ್ ಬಂದದ್ದು ಪತ್ರಿಕೆಯಿಂದ. ನಮ್ಮ ಬದಿಯಡ್ಕದಲ್ಲಿ ಮನೆಯಲ್ಲಿ ಕನ್ನಡ, ತುಳು ಮಾತಾಡುವ ಮಕ್ಕಳೂ ಅವರ ಮಲಯಾಳಂ ಸಾಲುಗಳನ್ನು ಬಾಯಿಪಾಠ ಹೇಳುತ್ತಾರೆ.

ಆಡಿದವರಿಗೇ ಎಲ್ಲ ಗೊತ್ತು ಅನ್ನುವವರು ಅಲನ್ ಹ್ಯಾನ್ಸನ್ ಅವರನ್ನು ನೆನೆಯಲಿ. ಲಿವರ್‌ಪೂಲ್ ಡಿಫೆಂಡರ್, ಮೂರು ಯುರೋಪಿಯನ್ ಕಪ್ ಗೆದ್ದವರು, 2014ರ ತನಕ ಬಿಬಿಸಿಯಲ್ಲಿ ಇದ್ದವರು. 1995ರ ಆಗಸ್ಟ್‌ನಲ್ಲಿ ಯುನೈಟೆಡ್ ಸೀಸನ್ನಿನ ಮೊದಲ ಪಂದ್ಯ ಸೋತಾಗ, ಮಕ್ಕಳನ್ನು ಕಟ್ಟಿಕೊಂಡು ಏನೂ ಗೆಲ್ಲಲಾಗದು ಅಂದರು. ಅದೇ ತಂಡ ಆ ಸೀಸನ್ನಿನಲ್ಲಿ ಲೀಗ್, ಎಫ್‌ಎ ಕಪ್ ಎರಡನ್ನೂ ಗೆದ್ದಿತು. ಆ ಮಕ್ಕಳಲ್ಲಿ ಒಬ್ಬರು ಗ್ಯಾರಿ ನೆವಿಲ್! ಇನ್ನು, ಹಿಂದೆ ನಿಂತವನಿಗೆ ಇಡೀ ಆಟ ಕಾಣುತ್ತದೆ ಅನ್ನುವ ಮಾತು. ಹಾಗಿದ್ದರೆ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕೂತವನಿಗೆ ಇನ್ನೂ ಚೆನ್ನಾಗಿ ಕಾಣಬೇಕು ಅಲ್ವಾ?

ನಮ್ಮ ನೆಲದವರಿಗೆ ಇದು ಬೇಗ ಅರ್ಥವಾಗಬೇಕು. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳುವಾಗ ವೇಷವಿಲ್ಲ, ಕುಣಿತವಿಲ್ಲ, ಎದುರಿಗೆ ಯುದ್ಧಭೂಮಿಯೂ ಇಲ್ಲ. ಕೂತಲ್ಲಿಂದಲೇ ಮಾತಿನಲ್ಲಿ ರಾವಣನನ್ನು ತಂದು ನಿಲ್ಲಿಸುತ್ತಿದ್ದರು. ಓದು, ಅಭ್ಯಾಸ, ಎದುರಿನವನ ಮಾತಿಗೆ ಆ ಕ್ಷಣದಲ್ಲೇ ಉತ್ತರ, ಇದೆಲ್ಲ ಇದ್ದುದರಿಂದ ಅದು ಸಾಧ್ಯವಾಯಿತು. ಕಮೆಂಟರಿಗೂ ಅದೇ ಬೇಕು.

ನನ್ನ ತಂದೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಸುಕಾಗಿದೆ. ಟಿವಿ ಮುಂದೆ ಕೂರುತ್ತಾರೆ, ಆದರೆ ಅವರಿಗೆ ಕಾಣುವುದು ಹಸಿರು ಬಣ್ಣ ಮಾತ್ರ. ಆಟ ಅವರ ಕಿವಿಗೆ ಬರಬೇಕು. ಬಾಲ್ ಯಾವ ಕಡೆ ಇದೆ, ಯಾರ ಕಾಲಲ್ಲಿದೆ, ಇನ್ನೆಷ್ಟು ಹೊತ್ತು ಇದೆ, ಇಷ್ಟು ಅವರಿಗೆ ಸಾಕು. ಒಳ್ಳೆಯ ಕಮೆಂಟೇಟರ್ ಇದ್ದ ದಿನ ಅವರು ಸೋಫಾದ ತುದಿಗೆ ಬಂದು ಕೂರುತ್ತಾರೆ. ಕಾರ್ನರ್ ಅಂದ ಕೂಡಲೇ ಮೊಣಕಾಲು ಒತ್ತಿ ಹಿಡಿಯುತ್ತಾರೆ. ಹಳೆಯ ಆಟಗಾರರು ಮಾತು ಶುರು ಮಾಡಿ, ಹೋದ ನಿಮಿಷದ ತಪ್ಪನ್ನು, ಡಿಫೆನ್ಸ್ ಲೈನ್ ಎಷ್ಟು ಮುಂದೆ ಇತ್ತು ಅನ್ನುವುದನ್ನು ವಿವರಿಸುತ್ತಾ ಹೋದಾಗ ಅಪ್ಪ ನನ್ನ ಕಡೆ ತಿರುಗುತ್ತಾರೆ. "ಬಾಲ್ ಈಗ ಎಲ್ಲಿ ಉಂಟು ಮಗಾ?" ನಾನು ಹೇಳುತ್ತೇನೆ. ಹೇಳಿ ಮುಗಿಸುವಷ್ಟರಲ್ಲಿ ಬಾಲ್ ಇನ್ನೊಂದು ಕಡೆ ಹೋಗಿರುತ್ತದೆ. ಮನೆಯಲ್ಲಿ ಯಾರೂ ಇಲ್ಲದ ದಿನ ಅವರು ಯಾರನ್ನು ಕೇಳಬೇಕು?

ಆಟಗಾರರು ಬೇಡ ಅಂತ ನಾನು ಹೇಳುತ್ತಿಲ್ಲ. ಆಟ ನಿಂತಾಗ, ಹಾಫ್ ಟೈಮಿನಲ್ಲಿ ಎಷ್ಟು ಬೇಕಾದರೂ ಮಾತಾಡಲಿ. ಆಟ ನಡೆಯುವಾಗ ಮೈಕ್ ಮಾತು ಕಲಿತವರ ಕೈಯಲ್ಲಿರಲಿ. ಕೇರಳದ ಶಾಲಾ ಕಲೋತ್ಸವದಲ್ಲಿ ನಮ್ಮ ಮಕ್ಕಳು ಕನ್ನಡ ಭಾಷಣಕ್ಕೆ ಸ್ಪರ್ಧಿಸುತ್ತಾರೆ. ಕೊಟ್ಟ ವಿಷಯದ ಮೇಲೆ ಕೆಲವೇ ನಿಮಿಷದಲ್ಲಿ ತಯಾರಾಗಿ ನಿಂತು ಮಾತಾಡುವ ಹುಡುಗಿಯರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಹುಮಾನ ಬಂದ ಮೇಲೆ ಆ ಮಾತಿಗೆ ಮುಂದೆ ಜಾಗವೇ ಇಲ್ಲ. ಅವರನ್ನು ಕಾಸರಗೋಡಿನ ತಾಳಿಪಡ್ಪು ಮೈದಾನಕ್ಕೆ ಕರೆತಂದು ಒಂದು ಪಂದ್ಯಕ್ಕೆ ಕನ್ನಡದಲ್ಲಿ ಕಮೆಂಟರಿ ಹೇಳಿಸಿ. ಆಫ್‌ಸೈಡ್ ನಿಯಮ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.