36 ಹಾಳೆ, ಒಂದೇ ಗುಡಿಸಲು

ಶನಿವಾರ ಮೊಮ್ಮಗಳ ಶಾಲೆಯ ಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ಎರಡನೇ ಕ್ಲಾಸು. ದಾರ ಕಟ್ಟಿ, ಕ್ಲಿಪ್ ಹಾಕಿ 36 ಹಾಳೆ ನೇತುಹಾಕಿದ್ದರು. ಎಲ್ಲದರಲ್ಲೂ ಎರಡು ಬೆಟ್ಟ, ನಡುವೆ ಸೂರ್ಯ, ಎಡಕ್ಕೊಂದು ಗುಡಿಸಲು, ಬಲಕ್ಕೊಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಹಕ್ಕಿಗಳನ್ನೂ ಎಣಿಸಿದೆ, ಮಾಡಲು ಬೇರೆ ಕೆಲಸವಿಲ್ಲವಲ್ಲ. 36ರಲ್ಲೂ ನಾಲ್ಕೇ! ಮುಕ್ಕಾಲು ಪಾಲು ಅಪಾರ್ಟ್‌ಮೆಂಟಿನ ಮಕ್ಕಳು. ಗುಡಿಸಲನ್ನು ಎಲ್ಲಿ ನೋಡಿದವೋ.

"ಬೋರ್ಡ್ ಮೇಲೆ ಬರೆದುಕೊಟ್ಟೆ ಸಾರ್, ಎಷ್ಟು ನೀಟಾಗಿ ಮಾಡಿದಾರೆ ನೋಡಿ" ಅಂದರು ಮೇಡಂ. ನಕ್ಕು ಬಂದೆ. ಎರಡು ಲೋಟ ಮಜ್ಜಿಗೆ ಕುಡಿದರೂ ಹೊಟ್ಟೆ ತಣ್ಣಗಾಗಲಿಲ್ಲ. ಬೋರ್ಡ್ ನೋಡಿ ಇಳಿಸ್ಕೊಳ್ಳೋದನ್ನ ಚಿತ್ರ ಕಲಿಸೋದು ಅಂತಾರಾ? ಮೇಷ್ಟ್ರ ಕೆಲಸದಿಂದ ರಿಟೈರ್ ಆದಮೇಲಾದರೂ ಸುಮ್ನೆ ಇರಿ ಅಂತ ಮನೆಯಾಕೆ ಹೇಳ್ತಾಳೆ. ಆಗ್ತಿಲ್ಲ.

"ಹಾಗಾದ್ರೆ ಟೆಕ್ನಿಕ್ ಕಲಿಸೋದೇ ಬೇಡ್ವಾ?" ಅಂತ ಕೆಲವರು ಆಗಲೇ ಟೈಪ್ ಮಾಡ್ತಿರಬಹುದು. ಕಲಿಸಬೇಕು ಮಾರಾಯ್ರೇ! ಆದರೆ ಗುಡಿಸಲು ಟೆಕ್ನಿಕ್ ಅಲ್ಲ. ಬ್ರಶ್ ಅದ್ದಿ, ಲೋಟದ ಅಂಚಿಗೆ ಒರೆಸಿ, ಹೆಚ್ಚಿನ ನೀರು ಇಳಿಸೋದು ಟೆಕ್ನಿಕ್. ಹಸಿರು ಬೇಕಿದ್ದರೆ ಹಳದಿಗೆ ನೀಲಿಯನ್ನು ಚೂರೇ ಚೂರು ಸೇರಿಸುತ್ತಾ ಹೋಗಬೇಕು. ನೀಲಿ ಬಲು ಜೋರು, ಜಾಸ್ತಿಯಾದರೆ ಹಳದಿಯನ್ನು ನುಂಗಿಬಿಡುತ್ತೆ. ಬಿಳಿ ಹಾಳೆ ಮೇಲೆ ಬಿಳಿ ಮೇಣದ ಕ್ರೇಯಾನಿನಲ್ಲಿ ಏನಾದರೂ ಗೀಚಿಸಿ, ಮೇಲೆ ತೆಳುವಾಗಿ ನೀರಿನ ಬಣ್ಣ ಎಳೆಸಿ. ಮೇಣದ ಮೇಲೆ ನೀರು ನಿಲ್ಲಲ್ಲ. ಇಲ್ಲದ ಗೆರೆ ಎದ್ದು ಬರುತ್ತೆ. ಆಗ ಕ್ಲಾಸಿನಲ್ಲಿ ಏಳೋ ಕೂಗು ಕೇಳಿಸ್ಕೊಳ್ಳಬೇಕು ನೀವು. ಆ ಕೂಗು ಗುಡಿಸಲಿಗೆ ಏಳಲ್ಲ.

ಶಿವಮೊಗ್ಗದ ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಮನೆ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರಲ್ಲ, ಅದೂ ನೋಡಿ ಕಲಿತದ್ದೇ ತಾನೇ, ಅಂತ ಗೆಳೆಯನೊಬ್ಬ ವಾದಿಸಿದ. ನಿಜ. ಆದರೆ ಅಲ್ಲಿ ಕಲಿಯೋ ಹುಡುಗಿ ನೋಡೋದು ಅಮ್ಮನ ಕೈಯನ್ನು. ಪುಂಡಿ ನಾರಿನ ಕುಂಚ ಹೇಗೆ ಹಿಡೀತಾಳೆ, ಅರೆದ ಅಕ್ಕಿಯನ್ನು ಎಷ್ಟು ತೆಳ್ಳಗೆ ಮಾಡ್ತಾಳೆ, ಕೆಮ್ಮಣ್ಣಿನ ಗೋಡೆ ಮೇಲೆ ಗೆರೆ ನಡುಗದ ಹಾಗೆ ಹೇಗೆ ಎಳೀತಾಳೆ, ಅದನ್ನ. ಬೋರ್ಡಿನಿಂದ ಹಾಳೆಗೆ ಇಳಿಸ್ಕೊಳ್ಳೋದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ?

ಇನ್ನೊಂದು. ಒಂದು ಪಾಪು ಆಕಾಶವನ್ನು ಮೇಲ್ತುದಿಯಲ್ಲಿ ಪಟ್ಟಿ ಹಾಗೆ ಬಳಿದಿತ್ತು. ಅದರ ಪಕ್ಕ ಕೆಂಪು ಪೆನ್ನಿನಲ್ಲಿ "ಪೂರ್ತಿ ತುಂಬು" ಅಂತ ಬರೆದಿದೆ. ಆ ವಯಸ್ಸಿಗೆ ಆಕಾಶ ಇರೋದು ಮೇಲೆ, ನೆಲ ಕೆಳಗೆ, ನಡುವೆ ಗಾಳಿ. ಮಕ್ಕಳು ಹೀಗೆ ನೋಡ್ತಾರೆ ಅಂತ ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಬರೆದಿದ್ದಾರೆ. ನಮ್ಮ ಕೆಂಪು ಪೆನ್ನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಸರಿ, ಹೇಳಿಬಿಡ್ತೀನಿ. ಆ ಗುಡಿಸಲು ನನ್ನದೂ ಹೌದು. ಕ್ಲಾಸಲ್ಲಿ 60 ಮಕ್ಕಳು, ಒಂದು ಪೀರಿಯಡ್ಡು, ನಾಳೆ ಇನ್‌ಸ್ಪೆಕ್ಷನ್. ಇಂಥ ದಿನ ನಾನೂ ಬೋರ್ಡ್ ಮೇಲೆ ಅದನ್ನೇ ಬರೆದವನು. ಎಷ್ಟು ವರ್ಷ ಅಂತ ಕೇಳಬೇಡಿ. ಹಕ್ಕಿ ಮಾತ್ರ ಮೂರು ಹಾಕ್ತಿದ್ದೆ.

ಇವತ್ತು ಬೆಳಿಗ್ಗೆ ಮೊಮ್ಮಗಳನ್ನ ಕೂರಿಸಿ ಕ್ರೇಯಾನ್ ಡಬ್ಬಿ ಕೊಟ್ಟೆ. "ಏನು ಬರೀಲಿ ತಾತ?" ಅಂದಳು. "ನಿಂಗೇನಿಷ್ಟವೋ ಅದು ಕಣೇ" ಅಂದೆ. ತುಂಬಾ ಹೊತ್ತು ಯೋಚಿಸಿದಳು. ಆಮೇಲೆ ಎರಡು ಬೆಟ್ಟ ಬರೆದಳು.