ಲ್ಯಾಪ್‌ಟಾಪಿಗೂ ಸೆಕೆ

ಏಪ್ರಿಲ್ 20ರ ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್ ಅಕ್ಕಿ ಮಿಲ್ಲಿನ ಹಾಗೆ ಕೂಗಿತು. ಆಮೇಲೆ ಒಮ್ಮೆಲೇ ಸುಮ್ಮನಾಯಿತು. ಒಳಗೆ ಆಡುತ್ತಿದ್ದ ಮಕ್ಕಳು ಒಮ್ಮೆಲೇ ಸುಮ್ಮನಾದರೆ ಎದೆ ಧಸಕ್ಕೆನ್ನುತ್ತದಲ್ಲ, ಹಾಗಾಯಿತು. ನಾನು ಮಂಗಳೂರಿನ ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುವವನು. 20ನೇ ತಾರೀಕು ಅಂದರೆ ಜಿಎಸ್‌ಟಿ ರಿಟರ್ನ್ ಹಾಕಲು ಕೊನೇ ದಿನ. ಸ್ಕ್ರೀನ್ ಕಪ್ಪು. ಲ್ಯಾಪ್‌ಟಾಪಿನ ತಳಕ್ಕೆ ಕೈ ಹಾಕಿದೆ. ನೀರ್‌ದೋಸೆ ಹೊಯ್ಯಬಹುದಿತ್ತು.

"ಹಾಸಿಗೆ ಮೇಲೆ ಇಟ್ಟುಕೊಂಡರೆ ಅದು ಉಸಿರು ಬಿಡುವುದು ಎಲ್ಲಿಂದ ಮಾರಾಯಾ? ಅದಕ್ಕೂ ಸೆಕೆ ಆಗ್ತದೆ" ಅಂದರು ಅಮ್ಮ, ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಾ.

ಅಮ್ಮ ಏಳನೇ ಕ್ಲಾಸು. ನಾನು ಬಿಎಸ್‌ಸಿ, ಅದರಲ್ಲೂ ಫಿಸಿಕ್ಸ್. ಬಿಎಸ್‌ಸಿ ಮಾಡಿದವನು ಲೆಕ್ಕ ಬರೆಯಲು ಹೇಗೆ ಬಂದ ಅನ್ನುವುದು ಬೇರೆ ಕತೆ. ಆದರೆ ಲ್ಯಾಪ್‌ಟಾಪಿನ ಅಡಿಯಲ್ಲಿ ಗಾಳಿ ಎಳೆದುಕೊಳ್ಳುವ ಕಿಂಡಿ ಇರುತ್ತದೆ, ಹತ್ತಿಯ ಹಾಸಿಗೆ ಅದರ ಮೂಗು ಮುಚ್ಚುತ್ತದೆ ಅಂತ ಅಮ್ಮನಿಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ.

ಬಿಸಿ ಸಾಗುವ ದಾರಿ ಮೂರು, ವಹನ, ಸಂವಹನ, ವಿಕಿರಣ ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಸೌಟಿನ ಹಿಡಿ ಬಿಸಿಯಾಗುವುದು ವಹನ. ಬಚ್ಚಲಿನ ಹಂಡೆಯಲ್ಲಿ ಅಡಿಯ ನೀರು ಕಾದು ಮೇಲೇರುವುದು ಸಂವಹನ. ವಿಕಿರಣಕ್ಕೆ ನಮ್ಮ ತಾರಸಿಯೇ ಸಾಕು. ಹಗಲಿಡೀ ಬಿಸಿಲು ಕುಡಿದ ಸ್ಲ್ಯಾಬು, ರಾತ್ರಿ ಹನ್ನೊಂದಕ್ಕೆ ಮಲಗಿದವನ ಮುಖಕ್ಕೆ ಅದನ್ನು ವಾಪಸು ಕೊಡುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲೇ ಇಲ್ಲಿ ಹಂಚಿನ ಕಾರ್ಖಾನೆ ಇಟ್ಟಿದ್ದರು. ಹಂಚಿನ ಮಾಡಿನ ಸಂದಿಯಿಂದ ಬಿಸಿ ಗಾಳಿ ತಾನಾಗಿ ಹೊರಗೆ ಹೋಗುತ್ತಿತ್ತು. ನನ್ನ ಅಪ್ಪ ಅದನ್ನು ಇಳಿಸಿ ಕಾಂಕ್ರೀಟು ಹಾಕಿಸಿದರು. ಹಂಚು ಕೈಯಾಡಿಸುವ ಖರ್ಚು ಉಳಿಯಿತಂತೆ. ಇರಲಿ.

ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್, ಅಂದರೆ ಒಳಗೆ ಲೆಕ್ಕವೆಲ್ಲ ಮಾಡುವ ಚಿಪ್, ತಿನ್ನುವುದು 15 ವ್ಯಾಟ್. ಒಂದು ಎಲ್‌ಇಡಿ ಬಲ್ಬಿನಷ್ಟು. ಸುಮ್ನೆ ಕೂತ ಮನುಷ್ಯನೇ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ. ಆ ಲೆಕ್ಕದಲ್ಲಿ ಅಮ್ಮ, ನಾನು, ಹೆಂಡತಿ, ಮಗಳು ಸೇರಿ ನಾವು 400 ವ್ಯಾಟಿನ ಹೀಟರು. ಆದರೆ ನಮ್ಮ ಬಿಸಿ ಮೈಯಿಡೀ ಹರಡಿಕೊಂಡಿರುತ್ತದೆ. ಪ್ರೊಸೆಸರಿನ ಬಿಸಿ ಹುಟ್ಟುವುದು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಹಂಚಿ ನೋಡಿದೆ, ಚದರ ಸೆಂಟಿಮೀಟರಿಗೆ ಸುಮಾರು 5 ವ್ಯಾಟ್ ಬಂತು. ಪ್ರೊಸೆಸರಿಗೆ ಹತ್ತು. ಇಸ್ತ್ರಿಪೆಟ್ಟಿಗೆಯ ಎರಡರಷ್ಟು! ಈ ಬಿಸಿ ಹೊರಗೆ ದಾಟದೆ 100 ಡಿಗ್ರಿ ಹತ್ತಿರ ಬಂದರೆ ಪ್ರೊಸೆಸರ್ ಮೊದಲು ಕೆಲಸ ನಿಧಾನ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಶಟರ್ ಎಳೆದು ಊಟಕ್ಕೆ ಹೋಗುತ್ತದೆ.

ಅವತ್ತಿನ ರಿಟರ್ನನ್ನು ಮಗಳ ಕಂಪ್ಯೂಟರಿನಲ್ಲಿ ಹೇಗೋ ಹಾಕಿದೆ. ಮರುದಿನದ್ದು ಪೂರ್ತಿ ನನ್ನದೇ ತಲೆ. ಫ್ರೀಜರಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಬಂಗುಡೆಯ ಕಟ್ಟು ಇತ್ತು. ಅದನ್ನು ಬೈರಾಸಿನಲ್ಲಿ ಸುತ್ತಿ, ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಹತ್ತು ನಿಮಿಷದಲ್ಲಿ ಮಿಲ್ಲಿನ ಸದ್ದು ನಿಂತಿತು. ಎಷ್ಟು ಹೆಮ್ಮೆ ಅಂದರೆ ಹೆಂಡತಿಯನ್ನು ಕರೆದು ತೋರಿಸಿದೆ. ಅರ್ಧ ಗಂಟೆ ಕಳೆಯುವಾಗ ಬೈರಾಸು ಒದ್ದೆ, ಮೇಜು ಒದ್ದೆ, ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಸಾಲಾಗಿ ಹನಿ. ಕಟ್ಟು ಸೋರಿದ್ದಲ್ಲ. ಅದು ನಮ್ಮ ಊರಿನ ಗಾಳಿಯದ್ದೇ ನೀರು. ಮೇ ಹತ್ತಿರ ಬಂದಾಗ ಇಲ್ಲಿನ ಗಾಳಿ ಎಷ್ಟು ನೀರು ಹೊತ್ತಿರುತ್ತದೆ ಅಂದರೆ, ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಏನನ್ನಿಟ್ಟರೂ ಅದರ ಮೇಲೆ ಹನಿ ಕೂರುತ್ತದೆ. ಪುನರ್ಪುಳಿ ಶರಬತ್ತಿನ ಲೋಟ ದಿನಾ ಅದನ್ನೇ ತೋರಿಸುತ್ತಿತ್ತು, ನಾನು ಕುಡಿದು ಇಟ್ಟುಬಿಡುತ್ತಿದ್ದೆ.

"ಅದರಲ್ಲಿ ಪುಳಿಮುಂಚಿ ಮಾಡ್ಲಿಕ್ಕೆ ಇತ್ತು" ಅಂದಳು ಹೆಂಡತಿ. ಅವತ್ತಿನಿಂದ ಬೆಕ್ಕು ಕೀಬೋರ್ಡಿನ ಮೇಲೆಯೇ ಮಲಗತೊಡಗಿತು. ಸೆಖೆಗಾಲದಲ್ಲೂ ಅದು ಮೂಸುತ್ತಾ ಬಿಸಿ ಜಾಗವನ್ನೇ ಹುಡುಕುತ್ತದೆ.

ಆ ರಾತ್ರಿ ಕಲಬುರಗಿಯಿಂದ ಷಡ್ಡಕ ಫೋನ್ ಮಾಡಿದ. ಅವನದ್ದು ಬ್ಯಾಂಕ್ ಕೆಲಸ, ಅಲ್ಲಿಗೆ ಟ್ರಾನ್ಸ್‌ಫರ್ ಆಗಿ ಎರಡು ವರ್ಷ.

"ಇಲ್ಲಿ 41 ಡಿಗ್ರಿ ಭಾವಾ. ನಿಮ್ಮಲ್ಲಿ?"

"34. ಸತ್ತೇ ಹೋಗ್ತೇವೆ."

ಅವನು ನಕ್ಕ. ನಗಲಿ, ಅಲ್ಲಿ ಬೆವರು ಆರುತ್ತದೆ. ಬೆವರು ಆರಿದರೆ ತಾನೇ ಮೈ ತಂಪು? ಒಂದು ಲೋಟ ನೀರನ್ನು ಪೂರ್ತಿ ಆವಿ ಮಾಡುವ ಬಿಸಿಯಲ್ಲಿ, ಐದು ಲೋಟ ಐಸ್‌ನೀರನ್ನು ಕುದಿಯುವ ತನಕ ಕಾಯಿಸಬಹುದು. ಆವಿಯಾಗುವ ನೀರು ಅಷ್ಟನ್ನೂ ನಮ್ಮ ಮೈಯಿಂದ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಗಾಳಿಗೆ ಹೊಟ್ಟೆ ತುಂಬಿದೆ. ನಮ್ಮ ಬೆವರು ಬೇಡ ಅನ್ನುತ್ತದೆ. ಬೆವರು ಸುಮ್ಮನೆ ಬನಿಯನ್ನಿಗೆ ಇಳಿಯುತ್ತದೆ.

"ನಿನ್ನ ಲ್ಯಾಪ್‌ಟಾಪ್ ಹೇಗುಂಟು?" ಅಂತ ಕೇಳಿದೆ. "ಅದಕ್ಕೇನು, ಓಡ್ತಾ ಉಂಟು" ಅಂದ.

ಅಲ್ಲಿ ನನಗೆ ತಲೆ ತಿರುಗಿತು. ಲ್ಯಾಪ್‌ಟಾಪ್ ಬೆವರುವುದಿಲ್ಲ. ಅದಕ್ಕೆ ಗಾಳಿ ಒದ್ದೆಯೋ ಒಣಗಿದ್ದೋ ಅನ್ನುವುದು ದೊಡ್ಡ ವಿಷಯವೇ ಅಲ್ಲ, ಎಷ್ಟು ಡಿಗ್ರಿ ಅನ್ನುವುದೊಂದೇ ಲೆಕ್ಕ. ನಮಗೆ ಮಂಗಳೂರು ನರಕ ಇರಬಹುದು, ಅದಕ್ಕೆ ಕಲಬುರಗಿಗಿಂತ 7 ಡಿಗ್ರಿ ತಂಪಿನ ಗಿರಿಧಾಮ. ಇಲ್ಲಿ ಕೂತು ಅದು ಬೀಳುತ್ತದೆ ಅಂದರೆ ದೋಷ ಊರಿನದ್ದಲ್ಲ. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕೂತೆ.

ಒಳಗೆ ನೋಡಿದರೆ ನಮ್ಮ ಅಡುಗೆಮನೆ. ಪ್ರೊಸೆಸರಿನ ಮೇಲೆ ತಾಮ್ರದ ಬಿಲ್ಲೆ, ಅದರಿಂದ ಹೊರಟ ಚಪ್ಪಟೆ ತಾಮ್ರದ ಕೊಳವೆ, ಕೊನೆಗೆ ತೆಳ್ಳಗಿನ ರೆಕ್ಕೆಗಳ ಸಾಲು, ಪಕ್ಕದಲ್ಲಿ ಫ್ಯಾನು. ಆ ಕೊಳವೆಯ ಹೆಸರು ಹೀಟ್ ಪೈಪ್. ಒಳಗಿನ ಗಾಳಿ ತೆಗೆದು, ಸ್ವಲ್ಪವೇ ನೀರು ಬಿಟ್ಟು ಎರಡೂ ತುದಿ ಮುಚ್ಚಿರುತ್ತಾರೆ. ಕುದುರೆಮುಖದ ತುದಿಯಲ್ಲಿ ಗಾಳಿಯ ಒತ್ತಡ ಕಡಿಮೆ ಅಂತ ನೀರು 94 ಡಿಗ್ರಿಗೇ ಕುದಿಯುತ್ತದೆ. ಕೊಳವೆಯಲ್ಲಂತೂ ಒತ್ತಡವೇ ಇಲ್ಲದಷ್ಟು, ಅಲ್ಲಿ 50 ಡಿಗ್ರಿಗೂ ಕುದಿಯುತ್ತದೆ. ಪ್ರೊಸೆಸರಿನ ತುದಿಯಲ್ಲಿ ಆವಿಯಾಗಿ ಬಿಸಿ ಹೊತ್ತುಕೊಂಡು ಓಡುತ್ತದೆ, ರೆಕ್ಕೆಯ ತುದಿಯಲ್ಲಿ ಬಿಸಿ ಇಳಿಸಿ ನೀರಾಗುತ್ತದೆ. ಒಳಗೋಡೆಯಲ್ಲಿ ದೀಪದ ಬತ್ತಿಯಂಥ ಪದರ ಆ ನೀರನ್ನು ಹೀರಿ ವಾಪಸು ತರುತ್ತದೆ. ಹಲಸಿನ ಎಲೆಯ ಕೊಟ್ಟೆ ಕಡುಬು ಬೇಯಿಸುವಾಗ ಮುಚ್ಚಳ ಎತ್ತಿದರೆ ಅಡಿಭಾಗದಲ್ಲಿ ಹನಿ ಸಾಲುಗಟ್ಟಿರುತ್ತದಲ್ಲ, ಅದೇ. ಮುಚ್ಚಳ ಅಷ್ಟು ಬೇಗ ಯಾಕೆ ಕೈ ಸುಡುತ್ತದೆ ಅಂತ ನನಗೆ ಐವತ್ತರ ಹತ್ತಿರ ಬಂದ ಮೇಲೆ ಗೊತ್ತಾಯಿತು.

ತಾಮ್ರಕ್ಕೂ ಪ್ರೊಸೆಸರಿಗೂ ನಡುವೆ ಒಂದು ಬೂದು ಪೇಸ್ಟು ಇರಬೇಕು. ನನ್ನದರಲ್ಲಿ ಅದು ಒಣಗಿ ಹಕ್ಕಳೆಯಾಗಿತ್ತು. ಹೊಸ ಟ್ಯೂಬು ತಂದೆ. ಬಿಸಿ ದಾಟಿಸುವುದರಲ್ಲಿ ತಾಮ್ರಕ್ಕೆ 400 ಅಂಕ ಅಂತಿಟ್ಟರೆ ಪೇಸ್ಟಿಗೆ ಐದಾರು, ಗಾಳಿಗೆ 0.025. ಕಣ್ಣಿಗೆ ನುಣ್ಣಗೆ ಕಾಣುವ ಲೋಹದಲ್ಲೂ ತಗ್ಗುದಿಣ್ಣೆ ಇರುತ್ತದೆ. ಆ ತಗ್ಗಿನಲ್ಲಿ ಕೂತ ಗಾಳಿಯನ್ನು ಎಬ್ಬಿಸಿ ತಾನು ಕೂರುವುದಷ್ಟೇ ಪೇಸ್ಟಿನ ಕೆಲಸ. ತೆಳ್ಳಗಿದ್ದರೆ ಉಪಕಾರ, ದಪ್ಪವಾದರೆ ಅದೇ ಅಡ್ಡಿ. ಅಕ್ಕಿ ಕಾಳಿನಷ್ಟು ಹಾಕಿ ಅಂತ ವೀಡಿಯೋದಲ್ಲಿ ಹೇಳಿದ್ದರು. ಯಾವ ಅಕ್ಕಿ ಅಂತ ಹೇಳಲಿಲ್ಲ. ನಮ್ಮ ಮನೆಯಲ್ಲಿರುವುದು ಕುಚ್ಚಲಕ್ಕಿ. ನಾನು ಮನಸ್ಸಿನಲ್ಲಿಟ್ಟುಕೊಂಡದ್ದು ಗಂಜಿಯಲ್ಲಿ ಬೆಂದು ಉಬ್ಬಿದ ಕಾಳು. ಒಂದು ಸಾಕಾಗದೇನೋ ಅಂತ ಮೂರು ಹಾಕಿದೆ.

ಎಲ್ಲ ಜೋಡಿಸಿ ಮುಗಿಸುವಾಗ ಒಂದು ಸ್ಕ್ರೂ ಉಳಿಯಿತು. ಲೆಕ್ಕ ಬರೆಯುವವನಿಗೆ ಇದಕ್ಕಿಂತ ಅವಮಾನ ಉಂಟಾ? ತಾಳೆಯಾಗದ್ದನ್ನು ಸದ್ಯಕ್ಕೆ ಇಡುವ ಸಸ್ಪೆನ್ಸ್ ಅಕೌಂಟಿಗೆ ಹಾಕಿದೆ, ಅಂದರೆ ಶರ್ಟಿನ ಕಿಸೆಗೆ. ಲ್ಯಾಪ್‌ಟಾಪ್ ಆನ್ ಆಯಿತು. ನಾಲ್ಕು ನಿಮಿಷಕ್ಕೆ ಆಫ್ ಆಯಿತು.

ಹಂಪನಕಟ್ಟೆಯ ರಿಪೇರಿ ಅಂಗಡಿಯ ಹುಡುಗ ಅಡಿಯ ಮುಚ್ಚಳ ತೆಗೆದು ಒಂದು ಗಳಿಗೆ ಮಾತಾಡಲಿಲ್ಲ. ನಾಲ್ಕು ಬದಿಗೂ ಪೇಸ್ಟು ಉಕ್ಕಿ ಹರಿದಿತ್ತು.

"ಇದು ಯಾರು ಸರ್ ಓಪನ್ ಮಾಡಿದ್ದು?"

"ನಮ್ಮ ಕಡೆ ಒಬ್ಬ ಉಂಟು" ಅಂದೆ.

"ಅವರ ಹತ್ರ ಇನ್ನು ಕೊಡ್ಬೇಡಿ ಸರ್. ಇಲ್ಲಿ ಒಂದು ಸ್ಕ್ರೂ ಬೇರೆ ಕಮ್ಮಿ ಉಂಟು. ತಾಮ್ರ ಒಂದು ಬದಿ ಎತ್ತಿಕೊಂಡು ನಿಂತಿದೆ."

ನಾನು ಕಿಸೆಯಿಂದ ಸ್ಕ್ರೂ ತೆಗೆದು ಮೆಲ್ಲ ಮೇಜಿನ ಮೇಲಿಟ್ಟೆ. ಅವನು ಸ್ಕ್ರೂ ನೋಡಿದ, ನನ್ನನ್ನು ನೋಡಿದ. ಒಳ್ಳೆಯ ಹುಡುಗ, ಏನೂ ಹೇಳಲಿಲ್ಲ. ಫ್ಯಾನಿಗೂ ರೆಕ್ಕೆಗಳಿಗೂ ನಡುವಿನಿಂದ ಚಿಮುಟದಲ್ಲಿ ಏನೋ ಎಳೆದ. ಬಂತು, ಬಂತು, ಬರುತ್ತಲೇ ಇತ್ತು. ಹಾಸಿಗೆಯ ಹತ್ತಿ, ಧೂಳು, ಬೆಕ್ಕಿನ ರೋಮ ಎಲ್ಲ ಒತ್ತಿಕೊಂಡು ಎರಡು ಬೆರಳಗಲದ ಕಂಬಳಿಯಾಗಿತ್ತು. ಸೆಖೆಗಾಲದಲ್ಲಿ ಲ್ಯಾಪ್‌ಟಾಪಿಗೆ ನಾನು ಕಂಬಳಿ ಹೊದೆಸಿದ್ದೆ!

ಅವನು ಬ್ರಶ್ಶಿನಲ್ಲಿ ತಿಕ್ಕುತ್ತಿರುವಾಗ ಫೋನಿನಲ್ಲಿ ಓದುತ್ತಾ ಕೂತೆ. 2018ರಲ್ಲಿ ಮೈಕ್ರೋಸಾಫ್ಟ್‌ನವರು 864 ಸರ್ವರುಗಳನ್ನು ಒಂದು ದೊಡ್ಡ ಉಕ್ಕಿನ ಡಬ್ಬಿಯಲ್ಲಿ ತುಂಬಿ, ಸ್ಕಾಟ್ಲೆಂಡಿನ ಓರ್ಕ್ನಿ ಹತ್ತಿರ ಕಡಲಿಗೆ ಇಳಿಸಿದ್ದರಂತೆ. ತಂಪು ಪುಕ್ಕಟೆ. ಎರಡು ವರ್ಷ ಬಿಟ್ಟು ಎತ್ತಿದರು. ಪಣಂಬೂರಿನಲ್ಲಿ ಇಳಿಸಿದರೆ ಹೇಗೆ ಅಂತ ಯೋಚಿಸಿದೆ. ಮೇ ತಿಂಗಳಲ್ಲಿ ನಮ್ಮ ಕಡಲೇ 30 ಡಿಗ್ರಿ. ಮೇಲಾಗಿ ಯಾರಾದರೂ ಬಲೆಗೆ ಬಿತ್ತು ಅಂತ ಬಂದರಿಗೆ ತಂದು ಏಲಂ ಹಾಕಿಬಿಟ್ಟಾರು.

ಆದರೂ ಒಂದು ಮಾತು ತಲೆಯಲ್ಲಿ ಕೂತಿತು. ಬಿಸಿ ಎಲ್ಲೂ ಸಾಯುವುದಿಲ್ಲ, ಓರ್ಕ್ನಿಯಲ್ಲಿ ಮೀನಿಗೆ ಹೋಯಿತು. ನಮ್ಮ ಪಕ್ಕದ ಮನೆಯವರ ಎಸಿಯ ಹೊರಗಿನ ಪೆಟ್ಟಿಗೆ ನಮ್ಮ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಕೂತಿದೆ. ಅವರ ಕೋಣೆಯ ಸೆಕೆ ಅಸಲು, ಕಂಪ್ರೆಸರ್ ತಿಂದ ಕರೆಂಟಿನ ಸೆಕೆ ಬಡ್ಡಿ. ಎರಡೂ ಸೇರಿ ನಮ್ಮ ಸಾರಿನ ಮೇಲೆ ಬೀಸುತ್ತದೆ.

ಮೇ 20ರ ರಾತ್ರಿ. ಲ್ಯಾಪ್‌ಟಾಪ್ ಈಗ ಮರದ ಮಣೆಯ ಮೇಲೆ. ಸದ್ದೇ ಇಲ್ಲದೆ ಓಡುತ್ತಿತ್ತು. ಕೊನೇ ರಿಟರ್ನ್ ಹಾಕುವಾಗ ಗುಡುಗಿತು, ಕರೆಂಟ್ ಹೋಯಿತು. ಸೀಲಿಂಗ್ ಫ್ಯಾನ್ ಎರಡು ಸುತ್ತು ಸುತ್ತಿ ನಿಂತಿತು. ಕತ್ತಲಲ್ಲಿ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಚಾವಡಿಗೆ ಬಂದು ಕೂತರು. ಬ್ಯಾಟರಿ ಇದ್ದದ್ದರಿಂದ ಇಡೀ ಮನೆಯಲ್ಲಿ ಫ್ಯಾನ್ ತಿರುಗುತ್ತಿದ್ದದ್ದು ಲ್ಯಾಪ್‌ಟಾಪಿಗೆ ಮಾತ್ರ. ಅಮ್ಮ ಬೀಸಣಿಗೆ ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದರು.

"ಅದನ್ನು ಸ್ವಲ್ಪ ಆಚೆ ತಿರುಗಿಸು ಮಾರಾಯಾ" ಅಂದರು. "ಅದರ ಸೆಕೆ ಎಲ್ಲ ನನಗೆ ಬರ್ತಾ ಉಂಟು."

ತಿರುಗಿಸಿದೆ. ಆಚೆ ಬದಿಯಲ್ಲಿ ಹೆಂಡತಿ ಕೂತಿದ್ದಳು.