ಬಿರುಕಿಗೆ ಬಣ್ಣದ ವೇಷ

ಮೊನ್ನೆ ಒಂದು ಸರ್ಟಿಫಿಕೇಟ್ ಮಾಡಿಸ್ಲಿಕ್ಕೆ ಮಂಗಳೂರಿನ ಒಂದು ಸರಕಾರಿ ಆಫೀಸಿಗೆ ಹೋಗಿದ್ದೆ, ಯಾವ ಆಫೀಸು ಅಂತ ಕೇಳ್ಬೇಡಿ, ನಾಳೆ ಪುನಃ ಅಲ್ಲಿಗೇ ಹೋಗ್ಲಿಕ್ಕುಂಟು, ಸೈನ್ ಬಾಕಿ. ಅಲ್ಲಿ ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ಮೊದಲು ಒಂದು ಬಿರುಕಿತ್ತು, ಕಿಟಕಿ ಮೂಲೆಯಿಂದ ಓರೆಯಾಗಿ ಮಾಡಿನವರೆಗೆ, ಎರಡು ರೂಪಾಯಿ ನಾಣ್ಯ ಹಾಕಿದ್ರೆ ಸೀದಾ ಒಳಗೆ ಹೋಗ್ತಿತ್ತು (ಹಾಕಿ ನೋಡಿದ್ದೇನೆ, ವಾಪಸ್ ಬರ್ಲಿಲ್ಲ). ಈಗ ನೋಡಿದ್ರೆ ಬಿರುಕೇ ಇಲ್ಲ ಮಾರಾಯ್ರೆ! ಪುಟ್ಟಿ, ಅದರ ಮೇಲೆ ಪಿಸ್ತಾ ಬಣ್ಣ, ಅದರ ಮೇಲೆ ಯಕ್ಷಗಾನ ಕಿರೀಟದ ಚಿತ್ರ. ಬಾಗಿಲ ಹತ್ತಿರ ಕಪ್ಪು ಗ್ರಾನೈಟ್ ಫಲಕ, "ಭೂಕಂಪ ನಿರೋಧಕ ಬಲವರ್ಧನೆ ಕಾಮಗಾರಿ", ಕೆಳಗೆ 14 ಹೆಸರು, ಇಂಜಿನಿಯರ್ ಹೆಸರು ಕೊನೆಯದ್ದು, ಅದೂ ಜಾಗ ಸಾಲದೆ ಇನಿಶಿಯಲ್ ಹಾರಿಹೋಗಿದೆ.

ಆ ಬಿರುಕಿನ ಜಾತಕ ಹೇಳ್ತೇನೆ ಕೇಳಿ. 2022ರ ಜೂನ್ ಕೊನೆಗೆ ಸುಳ್ಯ, ಸಂಪಾಜೆ, ಚೆಂಬು ಕಡೆ ಭೂಮಿ ನಡುಗಿತ್ತಲ್ಲ, ರಿಕ್ಟರ್‌ನಲ್ಲಿ 3ರ ಆಸುಪಾಸು, ಜನ ಮನೆಯಿಂದ ಹೊರಗೆ ಓಡಿ ಬಂದಿದ್ರು. ನಮ್ಮ ಆಫೀಸಿನ ಬಿರುಕು ಅದಕ್ಕಿಂತ ಎಷ್ಟೋ ಮಳೆಗಾಲ ಹಿರಿಯದ್ದು, ಆದ್ರೆ ಅವತ್ತಿಂದ ಅದು ಫೈಲಿನಲ್ಲಿ "ಭೂಕಂಪದಿಂದ ಹಾನಿಗೊಳಗಾದ" ಅಂತ ಆಯ್ತು. ಅಲ್ಲಿವರೆಗೆ ಅನಾಥವಾಗಿದ್ದ ಬಿರುಕಿಗೆ ಅಪ್ಪ ಸಿಕ್ಕಿದ. ಸಿಮೆಂಟು ತಿಂದವರು ನಿರಾಳ.

ನನ್ನ ಜೊತೆ ಭಾವ ಇದ್ರು. ಸಿವಿಲ್ ಇಂಜಿನಿಯರ್, ಊಟಕ್ಕೆ ಕೂತ್ರೂ ಕಂಬಿ ರಿಂಗ್ ಅಂತ್ಲೇ ಮಾತು. ಅವರು ಸುಮ್ಮನಿರ್ಲಿಕ್ಕಿಲ್ಲ ಅಂತ ನನಗೆ ಗೊತ್ತಿತ್ತು. ಸೀದಾ ಸಾಹೇಬ್ರನ್ನೇ ಕೇಳಿದ್ರು, "ಸರ್, ಕಾಲಮ್‌ಗೆಲ್ಲ ಜಾಕೆಟಿಂಗ್ ಮಾಡಿಸಿದ್ದೀರಾ?"

"ಜಾಕೆಟಾ? ಮಂಗಳೂರಿನ ಈ ಸೆಕೆಗೆ?"

ಭಾವ ತಾಳ್ಮೆಯಿಂದ ವಿವರಿಸಿದ್ರು. ಪಿಲ್ಲರಿನ ಹಳೇ ಸಾರಣೆ ಕೆತ್ತಿ ತೆಗೀಬೇಕು, ಸುತ್ತ ಹೊಸ ಕಂಬಿ ನಿಲ್ಲಿಸಿ ಬುಡದಲ್ಲಿ ಫೌಂಡೇಶನ್‌ಗೆ ಗಟ್ಟಿ ಹಿಡಿಸ್ಬೇಕು, ರಿಂಗ್‌ಗಳನ್ನ ಹತ್ತಿರ ಹತ್ತಿರ ಕಟ್ಟಿ ಅದರ ತುದಿಯನ್ನ 135 ಡಿಗ್ರಿ ಒಳಗೆ ಬಗ್ಗಿಸ್ಬೇಕು, 90ಕ್ಕೇ ನಿಲ್ಲಿಸಿದ್ರೆ ಅಲುಗಾಟಕ್ಕೆ ಬಿಚ್ಚಿಕೊಳ್ತದೆ, ಆಮೇಲೆ ಕಾಂಕ್ರೀಟು. ಹಿಂದಿನ ಹಳೇ ಮುರಕಲ್ಲಿನ ಭಾಗಕ್ಕೆ ಲಿಂಟಲ್ ಮಟ್ಟದಲ್ಲಿ, ಅಂದ್ರೆ ಬಾಗಿಲು ಕಿಟಕಿಯ ತಲೆ ಮೇಲೆ, ಕಬ್ಬಿಣದ ಮೆಶ್ ಬೆಲ್ಟ್ ಸುತ್ತಿ ನಾಲ್ಕು ಗೋಡೆಯನ್ನೂ ಒಟ್ಟಿಗೆ ಬಿಗೀಬೇಕು, ಹಂಚಿನ ಮಾಡಿನ ಮರವನ್ನ ಗೋಡೆಗೆ ಕಟ್ಟಬೇಕು, ಇಲ್ಲಾಂದ್ರೆ ನಡುಗುವಾಗ ಗೋಡೆ ಒಂದು ದಾರಿ ಮಾಡು ಒಂದು ದಾರಿ. ಇದಕ್ಕೆಲ್ಲ ಐಎಸ್ 13935 ಅಂತ ಭಾರತೀಯ ಮಾನದಂಡದ ಪುಸ್ತಕ 1993ರಲ್ಲೇ ಬಂದಿದೆ ಸರ್.

ಸಾಹೇಬ್ರು ಒಂದು ನಿಮಿಷ ಯೋಚಿಸಿ ಕೇಳಿದ ಪ್ರಶ್ನೆ ಉಂಟಲ್ಲ, ಅದರಲ್ಲಿ ಎಲ್ಲವೂ ಉಂಟು. "ಇಷ್ಟೆಲ್ಲ ಮಾಡಿ ಮೇಲಿಂದ ಸಾರಣೆ ಹಾಕಿದ್ರೆ ಎಂತದ್ದೂ ಕಾಣುದಿಲ್ಲ ಅಲ್ವಾ? ಮತ್ತೆ ಉದ್ಘಾಟನೆಗೆ ಬಂದವರಿಗೆ ತೋರಿಸುದು ಎಂತ?"

ನಿಜವೇ. ಗೋಡೆಯೊಳಗಿನ ಕಂಬಿಗೆ ರಿಬ್ಬನ್ ಕಟ್ಟಿ ಕತ್ತರಿಸ್ಲಿಕ್ಕೆ ಆಗ್ತದಾ?

ಭಾವ ಬಿಡ್ಲಿಲ್ಲ, ಕೆಳಗೆ ಪಾರ್ಕಿಂಗ್ ತೋರಿಸಿದ್ರು, ಹೊಸ ಭಾಗ ಪೂರ್ತಿ ಬರೀ ಪಿಲ್ಲರಿನ ಮೇಲೆ ನಿಂತಿದೆ, ಮಧ್ಯೆ ಎರಡು ಕಡೆ ಕಾಂಕ್ರೀಟ್ ಶಿಯರ್ ವಾಲ್, ಅಂದ್ರೆ ಅಡ್ಡ ಅಲುಗಾಟ ತಡೆಯುವ ಗೋಡೆ, ಎಬ್ಬಿಸ್ಬೇಕು, 2001ರ ಜನವರಿ 26ಕ್ಕೆ ಭುಜ್ ನಡುಗಿದಾಗ 200 ಕಿಲೋಮೀಟರಿಗಿಂತ ದೂರದ ಅಹಮದಾಬಾದಿನಲ್ಲಿ ಇಂಥ ಬಿಲ್ಡಿಂಗುಗಳೇ ಕುಸಿದು ಕೂತದ್ದು ಅಂತ. ಸಾಹೇಬ್ರು ನೋಡಿದ್ರು. ಶಿಯರ್ ವಾಲ್ ಬರ್ಬೇಕಾದ ಜಾಗದಲ್ಲಿ ಅವರದ್ದೇ ಕಾರು. ಚರ್ಚೆ ಅಲ್ಲಿಗೆ ಮುಗೀತು.

"ನಮ್ಮದು ಪರಶುರಾಮ ಸೃಷ್ಟಿ, ಇಲ್ಲಿಗೆ ಎಂತದ್ದೂ ಆಗುದಿಲ್ಲ" ಅಂದ್ರು. 2002ರ ಭೂಕಂಪ ಅಪಾಯದ ಮ್ಯಾಪಲ್ಲಿ ಬೆಂಗಳೂರು ಝೋನ್ 2, ಮಂಗಳೂರು ಝೋನ್ 3 (ನಂಬರ್ ಏರಿದಷ್ಟೂ ಅಪಾಯ ಜಾಸ್ತಿ), ಪರಶುರಾಮರಿಗೆ ಯಾರೂ ತಿಳಿಸಿಲ್ಲ ಅಂತ ಕಾಣ್ತದೆ. ಕಿಲ್ಲಾರಿ ಇತ್ತಲ್ಲ ಮಹಾರಾಷ್ಟ್ರದ್ದು, ಅದು ಆಗಿನ ಮ್ಯಾಪಲ್ಲಿ ಝೋನ್ 1, ಅತ್ಯಂತ ಸೇಫು, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪಕ್ಕೆ ಸಾವಿರಾರು ಜನ ಕಲ್ಲಿನ ಗೋಡೆಯ ಅಡಿಗೆ ಹೋದ್ರು. ಮ್ಯಾಪಿನವರಿಗೇ ನಾಚಿಕೆಯಾಗಿರ್ಬೇಕು, 2002ರಲ್ಲಿ ಝೋನ್ 1 ಅನ್ನೋದನ್ನೇ ತೆಗೆದುಬಿಟ್ರು. ನಮ್ಮವರು ಮಾತ್ರ ಯಕ್ಷಗಾನದ ಬಣ್ಣದ ಚೌಕಿಯಲ್ಲಿ ಕೂತ ಹಾಗೆ ಕೂತು ಬಿಲ್ಡಿಂಗಿಗೆ ಬಣ್ಣ ಹಚ್ತಾ ಇದ್ದಾರೆ, ವೇಷ ಭಾರೀ ಜೋರುಂಟು, ರಂಗಸ್ಥಳದಲ್ಲಿ ಹಾರಿ ಒಂದು ದಿಗಿಣ ತೆಗೆದ್ರೆ ಸೊಂಟ ಉಳಿಯುದಿಲ್ಲ ಅಷ್ಟೆ.

ಹೊರಗೆ ಬರುವಾಗ ಭಾವ ಆ ಗ್ರಾನೈಟ್ ಫಲಕದ ಹತ್ತಿರ ನಿಂತ್ರು, ಬೆರಳಲ್ಲಿ ಕುಟ್ಟಿದ್ರು, ನಾಲ್ಕು ಮೂಲೆಯ ಬೋಲ್ಟ್ ಅಲುಗಿಸಿ ನೋಡಿದ್ರು. ಅಲ್ಲಾಡ್ಲಿಲ್ಲ. ನನ್ನ ಕಡೆ ತಿರುಗಿ ಹೇಳಿದ್ರು,

"ಡ್ರಿಲ್ ಹೊಡೆದು ಎಪಾಕ್ಸಿ ತುಂಬಿಸಿ ಆಂಕರ್ ಮಾಡಿದ್ದಾರೆ ಭಾವ, ಪಕ್ಕಾ ಕೆಲಸ. ಭೂಮಿ ನಡುಗಿದ್ರೆ ನೀವು ಇದನ್ನೇ ಹಿಡ್ಕೊಳ್ಳಿ."

ಸರ್ಟಿಫಿಕೇಟಿಗೆ ನಾಳೆ 11 ಗಂಟೆಗೆ ಬರ್ಲಿಕ್ಕೆ ಹೇಳಿದ್ದಾರೆ. ಫಲಕದ ಹತ್ತಿರವೇ ಕಾಯ್ತೇನೆ.